ಸವೆಯದ ಮೆಟ್ಟು

ನಮ್ಮೂರಿನಲ್ಲಿ ಒಂದೇ ದಾರಿ ಎಲ್ಲರಿಗೂ ಒಂದೇ ಉದ್ದ ಇರುವುದಿಲ್ಲ. ನಮ್ಮ ಓಣಿಯಿಂದ ಕೆರೆಯ ಕೋಡಿಗೆ ಹೋಗಬೇಕೆಂದರೆ ನನಗೆ ಬಾಯಿಗೆ ಹಾಕಿಕೊಂಡ ಎಲೆಯಡಿಕೆ ಕೆಂಪಾಗುವಷ್ಟು ಹೊತ್ತು ಸಾಕು. ಎದುರುಮನೆಯ ಫಕೀರವ್ವ ಅದೇ ಕೋಡಿಗೆ ಹೊರಡುವಾಗ ರೊಟ್ಟಿ ಬುತ್ತಿ ಕಟ್ಟಿಕೊಳ್ಳುತ್ತಾಳೆ. ಹೆಣ್ಣು ನೋಡಲು ಬಂದವರು ಅಡುಗೆ, ಹಾಡು ಎಲ್ಲ ವಿಚಾರಿಸಿ, ಕೊನೆಗೆ ದನಿ ತಗ್ಗಿಸಿ, "ಹುಡುಗಿಗೆ ಬಾವಿ ಎಷ್ಟ ದೂರ ಆಗ್ತದ್ರಿ?" ಎಂದು ಕೇಳುತ್ತಾರೆ. ಇಬ್ಬರು ಜೊತೆಯಾಗಿ ನಡೆದರೆ ಯಾರ ದಾರಿ ಉದ್ದವೋ ಅದೇ ಇಬ್ಬರಿಗೂ. ಹಿಂದೊಮ್ಮೆ ಪೇಟೆಗೆ ಬಸ್ಸು ಬಿಟ್ಟಿದ್ದರು. ಉದ್ದ ದಾರಿಯ ಮುದುಕನೊಬ್ಬ ಹತ್ತಿ ಕೂತನೆಂದರೆ ಬಸ್ಸಿನವರೆಲ್ಲ ಮಧ್ಯಾಹ್ನದ ಊಟ ತಪ್ಪಿಸಿಕೊಳ್ಳುತ್ತಿದ್ದರು. ಆತನನ್ನು ಇಳಿಯಿರಿ ಅನ್ನಲು ಯಾರಿಗೂ ಬಾಯಿ ಬರಲಿಲ್ಲ, ಬಸ್ಸನ್ನೇ ನಿಲ್ಲಿಸಿದರು. ಈಗ ಎಲ್ಲರೂ ನಡೆಯುತ್ತಾರೆ, ಬಹುಮಟ್ಟಿಗೆ ಒಬ್ಬೊಬ್ಬರೇ. ಉದ್ದ ದಾರಿಯವರು ಎದುರು ಸಿಕ್ಕರೆ ಗಿಡ್ಡ ದಾರಿಯವರು, "ನೀವು ನಡೀರಿ, ನಾ ಹಿಂದಿಂದ ಬಂದೆ" ಎಂದು ಮರ್ಯಾದೆಯಿಂದ ನಿಂತುಕೊಳ್ಳುತ್ತಾರೆ.

ಹೀಗಾಗಿ ನಮ್ಮಲ್ಲಿ ಮೆಟ್ಟಿನ ಮಾತೆಂದರೆ ಹಗುರದ ಮಾತಲ್ಲ. ಮೆಟ್ಟು ಹೊಲಿಯುವವರು ಎದುರಿಗೆ ಬಂದರೆ ಕಟ್ಟೆಯ ಮೇಲೆ ಕೂತವರು ಎದ್ದು ನಿಲ್ಲುತ್ತಾರೆ. ಗಿಡ್ಡ ದಾರಿಯವರು ಮೆತ್ತನೆಯದನ್ನು ಕೇಳುತ್ತಾರೆ. ಕರುವಿನ ಚರ್ಮ, ಸಣ್ಣ ಹೊಲಿಗೆ, ಕಾಲಿಗೆ ಹಾಕಿಕೊಂಡದ್ದೇ ಗೊತ್ತಾಗಬಾರದು. ಉದ್ದ ದಾರಿಯವರು ಗಟ್ಟಿಯದನ್ನು ಕೇಳುತ್ತಾರೆ. ಎಮ್ಮೆಯ ಚರ್ಮ ಪದರ ಪದರವಾಗಿ, ಕೆಳಗೆ ಲಾರಿಯ ಟೈರು. ಅಂಥ ಮೆಟ್ಟು ಮೊದಲು ಹಿಮ್ಮಡಿಯನ್ನು ಕಚ್ಚುತ್ತದೆ, ಆಮೇಲೆ ಕಿರುಬೆರಳನ್ನು. ಔಡಲೆಣ್ಣೆ ಕುಡಿಸಿ ಕುಡಿಸಿ ಇನ್ನೇನು ಕಾಲಿಗೆ ಒಗ್ಗಿತು ಅನ್ನುವಷ್ಟರಲ್ಲಿ ಅಟ್ಟೆ ಸವೆದು ತೂತು ಬಿದ್ದಿರುತ್ತದೆ. ಮತ್ತೆ ಹೊಸದು, ಮತ್ತೆ ಕಚ್ಚುವುದು.

ನನ್ನ ತಮ್ಮ ಮುರಿಗೆಪ್ಪ ಉದ್ದ ದಾರಿಯವನು. ಅವನ ಅಕ್ಕ ನಾನು ತಾಯಿಯನ್ನು ಹೋಲುತ್ತೇನೆ, ಅವನು ತಂದೆಯನ್ನು. ನಮ್ಮಿಬ್ಬರ ಮನೆಗಳಿಗೆ ಗೋಡೆ ಒಂದೇ. ಈಗ ನಾನು ಹೇಳುವುದರಲ್ಲಿ ಅರ್ಧ ಅವನು ನನ್ನ ಕಟ್ಟೆಯ ಮೇಲೆ ಕೂತು ಹೇಳಿದ್ದು, ಇನ್ನರ್ಧ ಅವನ ಹೆಂಡತಿ ಕಸ್ತೂರಿ ಅದೇ ಕಟ್ಟೆಯ ಮೇಲೆ ಕೂತು ಹೇಳಿದ್ದು. ಮುರಿಗೆಪ್ಪನಿಗೆ ಕೋಡಿಯ ಆಚೆ ಹತ್ತಿಯ ಅಂಗಳದಲ್ಲಿ ತೂಗುವ ಕೆಲಸ. ಬೆಳಕು ಹರಿಯುವ ಮೊದಲೇ ಟೈರಿನ ಮೆಟ್ಟು ಮೆಟ್ಟಿ ಹೊರಟುಬಿಡುತ್ತಿದ್ದ. ಒಂದು ದಿನವೂ ದೂರ ಅಂದವನಲ್ಲ, ಕಾಲು ನೋವು ಅಂದವನಲ್ಲ. ಮೊದಲಿನಿಂದಲೂ ಅವನದು ಮಾತು ಕಡಿಮೆ. ನಾಲ್ಕು ಮಾತಿಗೆ ಒಂದು ಹೂಂ.

ಕಸ್ತೂರಿ ಮದುವೆಯಾಗಿ ಬಂದು ಕೆಲವು ವರ್ಷ ಮನೆಯಲ್ಲೇ ಇದ್ದಳು. ಸೂಜಿ ಹಿಡಿದರೆ ಅವಳ ಕೈ ಚೆಂದ ಓಡುತ್ತಿತ್ತು. ಕೋಡಿಯ ಪಕ್ಕದಲ್ಲಿ ತುಳಜಪ್ಪನ ಮೆಟ್ಟಿನ ಅಂಗಡಿ ಇದೆಯಲ್ಲ, ಅಲ್ಲಿ ಮೇಲ್ಪಟ್ಟಿ ಹೊಲಿಯಲು ಜನ ಬೇಕಾಗಿದೆ ಎಂದು ಗೊತ್ತಾದಾಗ, "ಹೋಗಲೇನ್ರಿ?" ಎಂದು ಕೇಳಿದಳು. ಮುರಿಗೆಪ್ಪ ಹೂಂ ಅಂದ. ಆ ಹೂಂ ಅವನಿಗೆ ಮುಂದೆ ಗಂಟಲಲ್ಲಿ ಸಿಕ್ಕಿಕೊಂಡಿತು.

ಅವಳು ಕೆಲಸಕ್ಕೆ ಹೋಗತೊಡಗಿದ ಹೊಸತರಲ್ಲಿ ಒಂದು ಬೆಳಿಗ್ಗೆ, ಮುರಿಗೆಪ್ಪ ಎಂದಿನಂತೆ ಅವಳು ಒಲೆ ಹಚ್ಚುವಾಗಲೇ ಮನೆ ಬಿಟ್ಟ. ನಡೆದು ನಡೆದು ಬಿಸಿಲೇರಿ, ಬೆನ್ನು ಬೆವತು, ತುಳಜಪ್ಪನ ಅಂಗಡಿಯ ಮುಂದೆ ಹಾಯುತ್ತಿದ್ದಾಗ ಒಳಗಿಂದ ಹೆಂಡತಿಯ ನಗು ಕೇಳಿಸಿತು. ರೊಟ್ಟಿ ಬಡಿದು, ಮುಸುರೆ ತಿಕ್ಕಿ, ಸ್ನಾನ ಮಾಡಿ, ತಲೆ ಬಾಚಿಕೊಂಡು ಹೊರಟವಳು ಆಗಲೇ ಬಂದು ಕೂತು ನಗುತ್ತಿದ್ದಾಳೆ. ದಾರಿಯಲ್ಲಿ ತನ್ನನ್ನು ದಾಟಿ ಹೋಗಿಯೂ ಇಲ್ಲ. ಗಿಡ್ಡ ದಾರಿಯವರು ಹಾಗೆಯೇ ಬರುತ್ತಾರೆಂದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಆ ನಗು ಎದೆಯಲ್ಲಿ ಮುಳ್ಳಾಗಿ ಮುರಿಯಿತು. ಇಂಥ ನಗು ಮನೆಯಲ್ಲಿ ಯಾವಾಗ ಕೇಳಿದ್ದೆ ಎಂದು ಹತ್ತಿಯ ಅಂಗಳದವರೆಗೂ ನೆನಪು ಮಾಡಿಕೊಳ್ಳುತ್ತ ಹೋದ. ನೆನಪಾಗಲಿಲ್ಲ.

ಅಂದು ಸಂಜೆ ಹೊಸ್ತಿಲ ಹತ್ತಿರ ಇಬ್ಬರ ಮೆಟ್ಟುಗಳು ಪಕ್ಕಪಕ್ಕದಲ್ಲಿ ಇದ್ದವು. ಮುರಿಗೆಪ್ಪ ಕೂತು ಅವಳದನ್ನು ತಿರುಗಿಸಿ ನೋಡಿದ. ಬಹಳ ಹಿಂದೆ ಕೊಂಡದ್ದು. ಆಮೇಲೆ ಅವನು ಎಷ್ಟು ಜೊತೆ ಹರಿದು ಬಿಸಾಕಿದ್ದನೋ ಅವನಿಗೇ ಲೆಕ್ಕವಿಲ್ಲ. ಅವಳ ಅಟ್ಟೆಯ ಮೇಲೆ ತುಳಜಪ್ಪ ಒತ್ತಿದ ಹೂವಿನ ಮುದ್ರೆ ನಿನ್ನೆ ಒತ್ತಿದಂತೆ ಎದ್ದು ಕಾಣುತ್ತಿತ್ತು. ಒಂದು ಎಸಳೂ ಮಾಸಿರಲಿಲ್ಲ.

"ಅಂಗಡಿ ಎಷ್ಟ ದೂರ ಆಗ್ತದ ನಿನಗ?" ಎಂದು ಕೇಳಿದ.

"ಇಲ್ಲೇ ಐತಲ್ರಿ. ಮುರಿದ ಗಿರಣಿ ದಾಟಿದ್ರ ಕೋಡಿನ. ಮನ್ಯಾಗ ಹೂವು ಮುಡಿಯಾಕ ಕೈ ಎತ್ತಿದ್ರ ಅಲ್ಲಿ ಹೋಗಿ ಇಳಸ್ತೀನಿ" ಎಂದು ಕಸ್ತೂರಿ ಒಳಗಿನಿಂದಲೇ ಕೂಗಿ ಹೇಳಿದಳು.

ಮನಸ್ಸು ಎಲ್ಲಿಗೆ ಎಳೆಯುತ್ತದೋ ಅಲ್ಲಿಗೆ ದಾರಿ ಗಿಡ್ಡವಾಗುತ್ತದೆ ಎಂದು ಊರಲ್ಲಿ ಕೆಲವರು ಹೇಳುವುದುಂಟು. ಹಿರಿಯರು ಅದನ್ನು ಕೇಳಿ ನಗುತ್ತಾರೆ. ನಮ್ಮ ಮಾವನಿಗೆ ಊರಲ್ಲೆಲ್ಲ ಗಿಡ್ಡ ದಾರಿ ಇದ್ದದ್ದು ಸುಡುಗಾಡಿಗೆ ಒಂದೇ. ಅವರಿಗೇನು ಅಲ್ಲಿಗೆ ಹೋಗುವ ಆಸೆ ಇತ್ತೇ? ಆದರೆ ಮುರಿಗೆಪ್ಪ ಆ ಮಾತನ್ನು ಹಿಡಿದುಕೊಂಡ. ಅಥವಾ ಆ ಮಾತೇ ಅವನನ್ನು ಹಿಡಿದುಕೊಂಡಿತು. ತಕ್ಕಡಿಯ ಮುಂದೆ ನಿಂತಾಗಲೂ, ಉಣ್ಣಲು ಕೂತಾಗಲೂ ಅದೇ. ಸಂಜೆ ಹೆಂಡತಿ ಬಟ್ಟೆ ಮಡಚುತ್ತಿದ್ದರೆ ಇವನು ಕದ್ದು ಅವಳ ಅಟ್ಟೆ ನೋಡುತ್ತಿದ್ದ. ಹೂವು ಹಾಗೇ ಇರುತ್ತಿತ್ತು.

ಒಂದು ದಿನ ಪೇಟೆಯಿಂದ ಅವಳಿಗೆ ಟೈರಿನ ಮೆಟ್ಟು ತಂದ. "ಇದ ಹಾಕ್ಕೊಂಡು ಹೋಗು. ಗಟ್ಟಿ ಇರ್ತಾವ."

"ನನಗ್ಯಾಕ್ರಿ ಗಟ್ಟಿ? ನಾ ನಡಿಯೂದರ ಎಷ್ಟು?"

"ಗಂಡ ತಂದದ್ದು ಹಾಕ್ಕೊ ಅಂದ್ರ ಹಾಕ್ಕೊಬೇಕು."

ಹಾಕಿಕೊಂಡಳು. ಅಷ್ಟು ಗಿಡ್ಡ ದಾರಿಯಲ್ಲೂ ಹಿಮ್ಮಡಿಯಲ್ಲಿ ಗುಳ್ಳೆ ಎದ್ದು ಒಡೆಯಿತು. ಕುಂಟುತ್ತ ಹೋದಳು, ಕುಂಟುತ್ತ ಬಂದಳು, ದೂರಲಿಲ್ಲ. ಅವಳು ದೂರದಿದ್ದದ್ದೂ ಅವನ ಕಣ್ಣಿಗೆ ಬೇರೆಯಾಗಿಯೇ ಕಂಡಿತು. ಇಷ್ಟು ನೋವು ನುಂಗಿಕೊಂಡು ಹೋಗುತ್ತಾಳೆಂದರೆ ಅಲ್ಲಿ ಅಂಥದ್ದೇನಿದೆ? ನಾನು ನೋಡಲಾರದೆ, "ತಮ್ಮಾ, ಆಕಿ ಕಾಲ ನೋಡೀಯೇನು?" ಎಂದು ಗದರಿಸಿದ ಮೇಲೆ ಆ ಮೆಟ್ಟನ್ನು ಎತ್ತಿ ಮಾಳಿಗೆಗೆ ಎಸೆದ. ಅದರಿಂದ ಅವನ ಸಂಕಟವೇನೂ ಕಡಿಮೆಯಾಗಲಿಲ್ಲ.

ಆಮೇಲೊಂದು ದಿನ ಅವನದೇ ಮೆಟ್ಟಿನ, ಹೆಬ್ಬೆರಳು ಸಿಕ್ಕಿಸುವ ಉಂಗುಷ್ಠ ಸರಿಯಾಗಿ ತುಳಜಪ್ಪನ ಅಂಗಡಿಯ ಮುಂದೆಯೇ ಕಿತ್ತುಹೋಯಿತು. ತುಳಜಪ್ಪ ನಡುವಯಸ್ಸಿನವ, ಹೆಂಡತಿ ತೀರಿಕೊಂಡಿದ್ದಳು. ತುಂಬು ಮೈ, ದೊಡ್ಡ ದನಿ. "ಬರ್ರಿ ಬರ್ರಿ ಮುರಿಗೆಪ್ಪ, ಹಿಂಗ್ಯಾಕ ಬರಿಗಾಲ್ಲೆ ನಿಂತ್ರಿ?" ಎಂದು ಕೈ ಹಿಡಿದು ಒಳಗೆ ಕೂರಿಸಿದ. ಕಸ್ತೂರಿ ಮೂಲೆಯಲ್ಲಿ ಬಾಯಲ್ಲಿ ದಾರ ಕಚ್ಚಿಕೊಂಡು ಪಟ್ಟಿ ಹೊಲಿಯುತ್ತಿದ್ದಳು. ಗಂಡನನ್ನು ನೋಡಿ ಕಣ್ಣಲ್ಲೇ ನಕ್ಕಳು. ಚಹಾ ಬಂತು. ತುಳಜಪ್ಪ ಮುರಿಗೆಪ್ಪನ ಪಾದವನ್ನು ಅಂಗೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸಿ ಲೊಚಗುಟ್ಟಿದ.

"ಎಂಥಾ ಚಲೋ ಪಾದ, ಏನ ಮಾಡ್ಕೊಂಡೀರಿ ಇದನ್ನ! ಒಳಗ ಕರುವಿನ ಚರ್ಮ ಹಾಸಿ, ಹೊರಗ ಎಮ್ಮೀದು ಹಾಕಿ ಕೊಡ್ತೀನಿ ತಡೀರಿ. ಗಟ್ಟಿ ಬೇಕಂದ್ರ ಮೆತ್ತಗಿರೂದು ಬಿಡಬೇಕು ಅಂತ ಯಾರ ಹೇಳ್ಯಾರ ನಿಮಗ? ಕಸ್ತೂರಿನ ಹೊಲೀತಾಳ."

ತುಳಜಪ್ಪನ ಬಾಯಲ್ಲಿ ತನ್ನ ಹೆಂಡತಿಯ ಹೆಸರು ಅಷ್ಟು ಸರಾಗವಾಗಿ ಬಂದದ್ದು ಕೇಳಿ ಮುರಿಗೆಪ್ಪನಿಗೆ ಬೆಂಕಿ ತಗುಲಿದಂತಾಯಿತು. ಕಾಲು ಎಳೆದುಕೊಂಡ. "ನನ್ನ ಕಾಲಿನ ಚಿಂತಿ ನಿಮಗ ಬ್ಯಾಡ" ಎಂದು ಎದ್ದು, ಕಿತ್ತ ಮೆಟ್ಟನ್ನು ಕೈಯಲ್ಲಿ ಹಿಡಿದುಕೊಂಡು ಹೊರಟುಬಿಟ್ಟ. ಕಸ್ತೂರಿಯ ಬಾಯಿಂದ ದಾರ ಜಾರಿ ಮಡಿಲಿಗೆ ಬಿತ್ತು.

ಸಂಜೆ ಗೋಡೆಯಾಚೆಯ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು.

"ನಾಳಿಂದ ಅಲ್ಲಿ ಹೋಗಬ್ಯಾಡ."

"ಆತು, ಬಿಡ್ತೀನಿ. ಯಾಕ ಅನ್ನೂದನ್ನ ಹೇಳ್ರಿ."

"ಆ ದಾರಿ ನಿನಗ ಅಷ್ಟ ಗಿಡ್ಡ ಯಾಕ?"

ಕಸ್ತೂರಿ, "ಇಷ್ಟ ದಿನ ಇದನ್ನ ಹೊಟ್ಯಾಗ ಇಟ್ಕೊಂಡು ನನ್ನ ಮೆಟ್ಟು ನೋಡತಿದ್ರಿ?" ಎಂದಳು. "ನೋಡ್ತೀರಿ ಅಂತ ಗೊತ್ತಿತ್ತು ನನಗ. ಯಾಕ ಅಂತ ಗೊತ್ತಿರಲಿಲ್ಲ. ನಾಳೆ ನಿಮ್ಮ ಜೋಡಿನ ಬರ್ತೀನಿ. ನಿಮ್ಮ ದಾರಿ ಹಿಡಿದು, ಪೂರ್ತಿ. ನಿಮಗ ಏನ ಕೇಳೂದೈತಿ ಅದನ್ನೆಲ್ಲ ದಾರ್ಯಾಗ ಕೇಳ್ರಿ."

ನಮ್ಮೂರಿನಲ್ಲಿ ಗಂಡ ಹೆಂಡತಿ ಜೊತೆಯಾಗಿ ನಡೆಯುವುದು ಮದುವೆಯ ಮೆರವಣಿಗೆಯಲ್ಲಿ, ಬಿಟ್ಟರೆ ಸಾವಿನ ಮನೆಗೆ. ಬೆಳಿಗ್ಗೆ ಇಬ್ಬರೂ ಕೈ ಹಿಡಿದು ಹೊರಟದ್ದನ್ನು ನೋಡಿ ಫಕೀರವ್ವ, "ಯಾರ ಹೋದ್ರಪಾ?" ಎಂದು ಗಾಬರಿಯಿಂದ ಹೊರಬಂದಳು.

ಮುರಿದ ಗಿರಣಿಯವರೆಗೂ ಕಸ್ತೂರಿಗೆ ಗೊತ್ತಿದ್ದ ದಾರಿಯೇ. ಗಿರಣಿಯ ಮೂಲೆ ತಿರುಗಿದರೆ ಅವಳಿಗೆ ಯಾವಾಗಲೂ ಕೋಡಿಯ ನೀರಿನ ಸದ್ದು ಕೇಳಬೇಕು. ಈ ಸಲ ಕೇಳಲಿಲ್ಲ. ಎದುರಿಗೆ ಒಂದು ಬಯಲು ಬಿದ್ದುಕೊಂಡಿತ್ತು. ಬಯಲಿನ ನಡುವೆ ಬಿಳಿಯ ದಾರಿ, ಅಲ್ಲೊಂದು ಇಲ್ಲೊಂದು ಬೇವಿನ ಮರ, ದೂರದಲ್ಲಿ ಕಲ್ಲಿನ ಗುಡ್ಡ. ಉದ್ದ ದಾರಿಯ ನಡುವೆ ಬಯಲಿರುತ್ತದೆ ಎಂದು ಎಲ್ಲರಂತೆ ಅವಳೂ ಕೇಳಿದ್ದಳು. ಏನಿದೆ ಅಲ್ಲಿ ಎಂದರೆ ಉದ್ದ ದಾರಿಯವರು, ಏನಿಲ್ಲ, ಬಯಲು ಅನ್ನುತ್ತಾರೆ.

ಬಿಸಿಲೇರುವವರೆಗೆ ಮುರಿಗೆಪ್ಪ ಏನೂ ಕೇಳಲಿಲ್ಲ. ಕೊನೆಗೆ ಕಸ್ತೂರಿಯೇ ಶುರು ಮಾಡಿದಳು.

"ನನ್ನ ತವರುಮನಿ ಎಲ್ಲೈತಿ?"

"ಪೇಟೆ ಹಿಂದ."

"ನಾ ತವರಿಗೆ ಹೋದ್ರ ಯಾವಾಗ ಮುಟ್ತೀನಿ?"

ಮುರಿಗೆಪ್ಪ ಯೋಚಿಸಿದ. ಅವಳು ವರ್ಷಕ್ಕೊಮ್ಮೆ ತವರಿಗೆ ಹೊರಟರೆ, ಮೆಟ್ಟು ಸವೆದೀತೆಂದು ಬರಿಗಾಲಲ್ಲೇ, ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಮುಟ್ಟಿದೆ ಎಂದು ಬಂದು ಹೇಳುತ್ತಿದ್ದಳು. ಇಷ್ಟು ವರ್ಷ ಅದನ್ನು ಕೇಳಿಯೂ ಅವನು ಕೇಳಿರಲಿಲ್ಲ.

"ಊರಾಗ ನನಗ ಎಲ್ಲಾಕಿಂತ ಉದ್ದ ದಾರಿ ಅದ" ಎಂದಳು. "ಅಂದ್ರ ಹಡದವ್ವನ ಮ್ಯಾಲ ನನಗ ಪ್ರೀತಿ ಇಲ್ಲ? ತುಳಜಪ್ಪಗ ನಾ ಸೂಜಿ ಹಿಡಿಯೂದು ಬಿಟ್ರ ನನ್ನ ಮುಖಾ ಹೆಂಗೈತಿ ಅನ್ನೂದೂ ಗೊತ್ತಿಲ್ಲ. ಸತ್ತ ಹೆಂಡತಿ ಮಾತ ಹೇಳ್ತಾನ, ಅಳ್ತಾನ, ನಗಸ್ತಾನ. ನಾವು ಕೂತ ಹೆಂಗಸರೆಲ್ಲಾ ನಗ್ತೀವಿ. ಮನ್ಯಾಗ ನಗಾಕ ನೀವೇನರ ಮಾತಾಡಬೇಕಲ್ರಿ."

ಮುರಿಗೆಪ್ಪನಿಗೆ ತಲೆ ಎತ್ತಲಾಗಲಿಲ್ಲ. ಎಷ್ಟೋ ದಿನದಿಂದ ಹೊತ್ತಿದ್ದ ಕಲ್ಲು ಇಳಿದಂತಾಯಿತು. ಜೊತೆಗೇ ನಾಚಿಕೆಯೂ ಆಯಿತು. ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ, ಮುಂದಿನ ಬೇವಿನ ಮರದ ಕೆಳಗಿನಿಂದ ಒಂದು ಹೆಣ್ಣು ದನಿ ಕೂಗಿತು.

"ಏನೋ ಮುರಿಗಿ, ಇವತ್ತ ಜೋಡೀಲೆ!"

ಮರದ ಕೆಳಗೆ ಮಜ್ಜಿಗೆಯ ಗಡಿಗೆ ಇಟ್ಟುಕೊಂಡು ಒಬ್ಬಳು ಕೂತಿದ್ದಳು. ಕಸ್ತೂರಿಯದೇ ವಯಸ್ಸು, ಅಗಲ ಮುಖ, ಮೂಗಿನಲ್ಲಿ ಕೆಂಪು ಹರಳು. ಹೆಸರು ನೀಲವ್ವ. ಹಿಂದೆ ಒಂದು ಗುಡಿಸಲು, ನಾಲ್ಕು ಎಮ್ಮೆ. ತನ್ನ ಗಂಡನನ್ನು ಮುರಿಗಿ ಎಂದು ಕರೆಯುವವರು ಈ ಲೋಕದಲ್ಲಿ ಇದ್ದಾರೆಂದು ಕಸ್ತೂರಿಗೆ ಆವತ್ತೇ ಗೊತ್ತಾದದ್ದು. ನಾನು, ಅವನ ಅಕ್ಕ, ಕೂಡ ಹಾಗೆ ಕರೆದವಳಲ್ಲ.

"ಮತ್ತ ಅದ ಹಾಳ ಮೆಟ್ಟು ಮೆಟ್ಟಿ ಬಂದಿಯಲ್ಲ? ಎಡಗಾಲ ಕಿರುಬೆರಳಿನ ಗಾಯ ಮಾದೈತಿಲ್ಲೋ? ತೋರಸ ಇಲ್ಲೆ" ಎಂದು ನೀಲವ್ವ ಅವನ ಕಾಲನ್ನು ಎಳೆದು ತನ್ನ ಮಂಡಿಯ ಮೇಲಿಟ್ಟುಕೊಂಡು, ಸೊಂಟದ ಚೀಲದಿಂದ ಅರಿಸಿನ ಬೆರೆಸಿದ ಎಣ್ಣೆ ತೆಗೆದು ಹಚ್ಚಿದಳು. ಹಚ್ಚುತ್ತ ಹಚ್ಚುತ್ತ ಎಮ್ಮೆಯ ಮಾತು ತೆಗೆದಳು. ಮುರಿಗೆಪ್ಪ ಆ ಎಮ್ಮೆ ಹೇಗೆ ಬಾಲ ಬೀಸುತ್ತದೆಂದು ಕೈ ಬೀಸಿ ತೋರಿಸಿದ. ನೀಲವ್ವ ನಕ್ಕಳು. ಮುರಿಗೆಪ್ಪನೂ ನಕ್ಕ, ತಲೆ ಹಿಂದಕ್ಕೆ ಎಸೆದು, ಹಲ್ಲೆಲ್ಲ ಕಾಣುವಂತೆ.

ಕಸ್ತೂರಿ ಮಜ್ಜಿಗೆಯ ಲೋಟ ಹಿಡಿದುಕೊಂಡು ನಿಂತೇ ಇದ್ದಳು. ಗಂಡನ ಹಿಂದಿನ ಹಲ್ಲೊಂದು ವಕ್ರವಾಗಿದೆ ಎಂದು ಅವಳಿಗೆ ಅವತ್ತು ತಿಳಿಯಿತು.

ಮರ ಹಿಂದಾದ ಮೇಲೆ ಕೇಳಿದಳು, "ಎಷ್ಟ ವರ್ಷದಿಂದ?"

"ಏನು?"

"ಮಜ್ಜಿಗಿ."

"ಮೊದಲಿಂದನೂ ಐತಿ. ದಾರಿ ಬದಿ ಮಜ್ಜಿಗಿ, ಅದರಾಗ ಏನೈತಿ?"

"ನನಗ ಹೇಳಲಿಲ್ಲ."

"ಏನಂತ ಹೇಳೂದು?"

"ನಿಮ್ಮ ಎಡಗಾಲ ಬೆರಳಿನ ನೋವು ಆಕಿಗೆ ಗೊತ್ತೈತಿ. ನಾ ಒಂದ ಹಾಸಿಗಿ ಮ್ಯಾಲ ಮಲಗತೀನಿ, ನನಗ ಗೊತ್ತಿಲ್ಲ" ಎಂದು ಕೈ ಬಿಡಿಸಿಕೊಳ್ಳಲು ಹೋದಳು. ಮುರಿಗೆಪ್ಪ ಬಿಡಲಿಲ್ಲ. ನಿಂತಲ್ಲಿ ಸರಿ, ನಡೆಯುವಾಗ ಕೈ ಬಿಟ್ಟರೆ ಅವಳು ಆ ಕ್ಷಣವೇ ತನ್ನ ಗಿಡ್ಡ ದಾರಿಯ ಕೊನೆಗೆ, ಅಂಗಡಿಯ ಮೆಟ್ಟಿಲ ಮೇಲೆ ಇರುತ್ತಿದ್ದಳು. ಇಷ್ಟು ದಿನ ಅವನನ್ನು ಸುಟ್ಟ ಹೊಟ್ಟೆಕಿಚ್ಚು ಈಗ ಹೆಂಡತಿಯ ಮುಖದ ಮೇಲೆ ಉರಿಯುತ್ತಿತ್ತು. "ತಪ್ಪು ಅಂತ ಗೊತ್ತು ಅಕ್ಕಾ" ಎಂದು ಆಮೇಲೆ ನನ್ನ ಹತ್ತಿರ ಹೇಳಿದ, "ಆದ್ರ ಎದಿ ತಂಪಾತು."

ಮರುದಿನ ಕಸ್ತೂರಿ ಒಬ್ಬಳೇ ಹೊರಟಳು. ಗಿರಣಿ ತಿರುಗಿದ್ದೇ ತಡ ಕೋಡಿಯ ಸದ್ದು. ಹಿಂದಕ್ಕೆ ಬಂದು ಮತ್ತೆ ತಿರುಗಿದಳು, ಮತ್ತೆ ಕೋಡಿ. ನಿಧಾನವಾಗಿ ನಡೆದಳು, ಕಣ್ಣು ಮುಚ್ಚಿ ನಡೆದಳು. "ಏನವಾ, ಏನರ ಕಳಕೊಂಡಿಯೇನು?" ಎಂದು ದಾರಿಹೋಕರು ಕೇಳಿದರು. ಕೊನೆಗೆ ಗಿರಣಿಯ ಕಲ್ಲಿನ ಮೇಲೆ ಕೂತು ಫಕೀರವ್ವ ಬರುವುದನ್ನು ಕಾಯ್ದು, ಅವಳ ಕೈ ಹಿಡಿದು ನಡೆದಳು. ಆದರೆ ಫಕೀರವ್ವನ ನಡುದಾರಿಯೇ ಬೇರೆ. ಅಲ್ಲಿ ಬಯಲಿರಲಿಲ್ಲ, ಜಾಲಿಯ ಮುಳ್ಳು, ಬೊಗಳುವ ನಾಯಿಗಳು, ಎಲ್ಲಿಯೂ ಮುಗಿಯದ ಒಂದು ಗೋಡೆ. ನೀಲವ್ವ ಇರಲಿಲ್ಲ.

ನನ್ನ ಕಟ್ಟೆಗೆ ಬಂದು ಸಿಟ್ಟಿನಿಂದ ಅತ್ತಳು. "ಆಕಿ ದಿನಾ ನೋಡ್ತಾಳ. ನಾ ಕಟ್ಟಿಕೊಂಡಾಕಿ, ನಾ ನೋಡಬೇಕಂದ್ರ ಇವರ ಕೈ ಹಿಡೀಬೇಕು ನೋಡ್ರಿ."

"ಹಿಡಿ ಮತ್ತ" ಎಂದೆ ನಾನು. "ನಿನ್ನ ಕೈಯ್ಯೇನ ಸವೀತಾವೇನು?"

ಹಿಡಿದಳು. ಅಂದಿನಿಂದ ಬೆಳಕು ಹರಿಯುವ ಮೊದಲು ರೊಟ್ಟಿ ಬಡಿದು ಗಂಡನ ಜೊತೆಗೇ ಹೊರಡತೊಡಗಿದಳು. ತಾನೇ ತುಳಜಪ್ಪನ ಹತ್ತಿರ ಕೂತು, ಒಳಗೆ ಕರು ಹೊರಗೆ ಎಮ್ಮೆ ಎಂದು ಗಂಡನಿಗೊಂದು ಜೊತೆ, ತನಗೊಂದು ಜೊತೆ ಮಾಡಿಸಿದಳು. ಮುರಿಗೆಪ್ಪ ಈ ಸಲ ಕಾಲು ಕೊಟ್ಟ. ಮೊದಮೊದಲು ಮರದ ಕೆಳಗೆ ಅವಳು ಬಿಗಿದ ಮುಖದಿಂದ ನಿಲ್ಲುತ್ತಿದ್ದಳು. ನೀಲವ್ವ ಎಣ್ಣೆ ತೆಗೆದರೆ, "ಕೊಡ್ರಿ ಇಲ್ಲೆ" ಎಂದು ಕಸಿದುಕೊಂಡು ತಾನೇ ಗಂಡನ ಬೆರಳಿಗೆ ಹಚ್ಚುತ್ತಿದ್ದಳು. ಹೊಸ ಮೆಟ್ಟು ಕಚ್ಚದೆ ಬೆರಳಿನ ಗಾಯ ಮಾಯಿತು. ಎಣ್ಣೆಯ ಕೆಲಸ ಮುಗಿಯಿತು. ಅಷ್ಟರಲ್ಲಿ ಬೇಸಿಗೆಯೂ ಮುಗಿದಿತ್ತು, ಕಸ್ತೂರಿಯ ಹೊಸ ಮೆಟ್ಟಿನ ಅಟ್ಟೆಯ ಮೇಲಿನ ಹೂವು ಹೆಸರಿಲ್ಲದಂತೆ ಅಳಿಸಿಹೋಗಿತ್ತು. ಅದನ್ನು ತಿರುಗಿಸಿ ಓಣಿಯವರಿಗೆಲ್ಲ ತೋರಿಸಿದಳು.

ನೀಲವ್ವನ ಎಮ್ಮೆ ಕರು ಹಾಕಿದ ದಿನ ಕಸ್ತೂರಿ ಮೊದಲ ಸಲ ಅವಳ ಪಕ್ಕದಲ್ಲಿ ಕೂತಳು. ಕೂತವಳು ಮತ್ತೆ ನಿಲ್ಲಲಿಲ್ಲ. ಅಲ್ಲಿಂದ ಮುಂದೆ ಮುರಿಗೆಪ್ಪನ ಪಾಡು ಕೇಳಬೇಡಿ. ಆ ಇಬ್ಬರೂ ತಲೆಗೆ ತಲೆ ಹಚ್ಚಿ ಪಿಸುಗುಟ್ಟುವುದು, ನಗುವುದು, ಇವನು ಹತ್ತಿರ ಬಂದರೆ ಸುಮ್ಮನಾಗುವುದು. ಇವನು ಎಮ್ಮೆಯ ಬಾಲದ ಮಾತು ತೆಗೆದರೆ, "ಗೊತ್ತದ ಬಿಡೋ" ಎನ್ನುತ್ತಿದ್ದಳು ನೀಲವ್ವ.

"ಅಕ್ಕಾ, ಅದು ನನ್ನ ದಾರಿ" ಎಂದು ನನ್ನ ಕಟ್ಟೆಯ ಮೇಲೆ ಕೂತು ಗೊಣಗಿದ. "ನಾ ತೋರಿಸಿದ್ದು. ಈಗ ನಾನ ಅಲ್ಲಿ ಮೂರನೇದಾಂವ ಆಗೀನಿ."

ಕೊನೆಗೊಂದು ದಿನ ಅವನಿಗೆ ತಡೆಯಲಾಗಲಿಲ್ಲ. "ಹೊತ್ತಾತು, ನಡಿ" ಎಂದ. ಕೇಳಿಸಿಕೊಂಡವರಿಲ್ಲ. ಮತ್ತೊಮ್ಮೆ ಅಂದ. ಇಬ್ಬರೂ ಯಾವುದಕ್ಕೋ ನಗುತ್ತಿದ್ದರು. ಸಿಟ್ಟು ನೆತ್ತಿಗೇರಿ, ಹೆಂಡತಿಯನ್ನು ಅಲ್ಲಿಯೇ ಬಿಟ್ಟು ಬಿರಬಿರನೆ ನಡೆದುಬಿಟ್ಟ. ತಾನು ಹೆಜ್ಜೆ ಕಿತ್ತರೆ ಅವಳ ಪಾಲಿಗೆ ಮರವೂ ಇಲ್ಲ, ನೀಲವ್ವನೂ ಇಲ್ಲ, ನೇರ ಅಂಗಡಿಯ ಮೆಟ್ಟಿಲ ಮೇಲೆ ಹೋಗಿ ಬೀಳುತ್ತಾಳೆ, ಬೀಳಲಿ ಎಂದು ದಾರಿಯುದ್ದಕ್ಕೂ ಒಳಗೊಳಗೇ ಖುಷಿಪಟ್ಟ.

ಅಂಗಡಿಗೆ ಬಂದು ಇಣುಕಿದರೆ ಮೂಲೆ ಖಾಲಿ. "ಕಸ್ತೂರಿ ಎಲ್ರಿ? ಇನ್ನೂ ಬಂದಿಲ್ಲ?" ಎಂದು ತುಳಜಪ್ಪನೇ ಇವನನ್ನು ಕೇಳಿದ.

ಮುರಿಗೆಪ್ಪ ಆವತ್ತು ಹತ್ತಿಯ ಅಂಗಳಕ್ಕೆ ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತು ಗಿರಣಿಯ ಕಡೆಯ ದಾರಿಯನ್ನೇ ನೋಡತೊಡಗಿದ. ಬಿಟ್ಟು ಬಂದದ್ದು ಎಂಥ ತಪ್ಪು, ನಡುವೆ ಎಲ್ಲಿ ಸಿಕ್ಕಿಬಿದ್ದಳೋ ಎಂದು ನೂರು ಸಲ ಏಳುವನು, ಕೂರುವನು. ತುಳಜಪ್ಪ ಚಹಾ ತಂದಿಟ್ಟ, ಅದು ತಣ್ಣಗಾಯಿತು.

ಬಿಸಿಲು ನೆತ್ತಿ ದಾಟಿದ ಮೇಲೆ ಕಸ್ತೂರಿ ಬಂದಳು. ಒಬ್ಬಳೇ, ನಡೆದುಕೊಂಡು, ಅವಸರವಿಲ್ಲದೆ. ಕಣಕಾಲಿನವರೆಗೂ ಬಯಲಿನ ಬಿಳಿ ಧೂಳು ಮೆತ್ತಿಕೊಂಡಿತ್ತು.

ಮುರಿಗೆಪ್ಪ ಎದ್ದು ನಿಂತ. "ನಾ ಬಿಟ್ಟು ಬಂದ ಮ್ಯಾಲೂ ಬಯಲು ಇತ್ತೇನು ನಿನಗ?"

"ಇತ್ತಲ್ರಿ. ಇಷ್ಟ ದಿನ ನಡದು ನಡದು ನನಗೂ ಅದ ದಾರಿ ಆಗೈತಿ. ಮರಾನೂ ಇತ್ತು, ನೀಲವ್ವನೂ ಇದ್ದಳು" ಎಂದು ಕಸ್ತೂರಿ ಸೆರಗಿನಿಂದ ಬೆವರು ಒರೆಸಿಕೊಂಡಳು. "ಯವ್ವಾ, ಎಷ್ಟ ಉದ್ದ ಐತಿ ಅದು! ಒಬ್ಬಾಕೀನ ನಡದ್ರ ಇನ್ನೂ ಉದ್ದ ಅನಸ್ತದ."

ಅವಳ ಧೂಳಿನ ಕಾಲುಗಳನ್ನು ಅವನು ನೋಡುತ್ತಲೇ ನಿಂತ. ಆ ಹೊತ್ತಿಗೆ ಏನು ಹೇಳಬೇಕೆಂದು ಬೇರೆ ಗಂಡಸಿಗಾದರೆ ತಿಳಿಯುತ್ತಿತ್ತೇನೋ. ನನ್ನ ತಮ್ಮ ಕೇಳಿದ್ದು ಇಷ್ಟೇ: "ಇಷ್ಟೊತ್ತು ಇಬ್ಬರೂ ಕೂತು ಏನ ಮಾತಾಡಿದ್ರಿ?"

"ಅದು ನಿಮಗ್ಯಾಕ್ರಿ?" ಎಂದಳು ಕಸ್ತೂರಿ, ಮತ್ತು ನಗುತ್ತ ಒಳಗೆ ಹೋಗಿ ಸೂಜಿಗೆ ದಾರ ಪೋಣಿಸತೊಡಗಿದಳು.